ತುದಿ ಅಂದರೆ ಅರ್ಧ ದಾರಿ: ಒಂದೇ ದಿನದಲ್ಲಿ ಎತ್ತರದ ಶಿಖರ ಹತ್ತಿಳಿಯುವ ತಯಾರಿ

ಬೆಳಿಗ್ಗೆ ಹೊರಟು, ಶಿಖರ ಹತ್ತಿ, ಸಂಜೆಯೊಳಗೆ ಕೆಳಗೆ ಬಂದುಬಿಡುವುದು. ಟೆಂಟ್ ಬೇಡ, ಅಡುಗೆ ಸಾಮಾನು ಬೇಡ, ಬೆನ್ನ ಮೇಲೆ ಒಂದು ಸಣ್ಣ ಬ್ಯಾಗ್ ಸಾಕು. ಕೇಳಲು ಸುಲಭ ಅನ್ನಿಸುತ್ತದೆ, ಅಲ್ವಾ? ತೊಡಕು ಇರುವುದೂ ಇಲ್ಲೇ. ಮೂರು ದಿನದ ಚಾರಣದಲ್ಲಿ ತಡವಾದರೆ ಟೆಂಟ್ ಹಾಕಿ ಮಲಗಬಹುದು. ಒಂದೇ ದಿನದ ಚಾರಣದಲ್ಲಿ ತಡವಾದರೆ ಕತ್ತಲು, ಚಳಿ, ಸೋತ ಕಾಲು, ಖಾಲಿ ಬಾಟಲಿ ಎಲ್ಲ ಒಟ್ಟಿಗೆ ಎದುರಾಗುತ್ತವೆ. ಆಗಲೂ ಕೈಗೆ ಸಿಗುವುದು ಅದೇ ಸಣ್ಣ ಬ್ಯಾಗ್.

ಇನ್ನೊಂದು ವಿಷಯ. ದಣಿದು, ಹಸಿದು, ಆಮ್ಲಜನಕ ಸಾಲದೆ ಒದ್ದಾಡುತ್ತಿರುವ ತಲೆ ಒಳ್ಳೆಯ ತೀರ್ಮಾನ ಮಾಡುವುದಿಲ್ಲ. ತುದಿ ಕಣ್ಣೆದುರೇ ಕಾಣುತ್ತಿದ್ದರಂತೂ ಇನ್ನೂ ಕಷ್ಟ. "ಇನ್ನು ಅರ್ಧ ಗಂಟೆ ಅಷ್ಟೇ" ಅಂತ ಮನಸ್ಸು ಎಳೆಯುತ್ತದೆ. ಹಾಗಾಗಿ ದೊಡ್ಡ ತೀರ್ಮಾನಗಳನ್ನೆಲ್ಲ ಮನೆಯಲ್ಲೇ ಕೂತು, ಹೊಟ್ಟೆ ತುಂಬಿದ್ದಾಗ, ನಿದ್ದೆ ಆಗಿದ್ದಾಗ ಮಾಡಿಬಿಡಬೇಕು. ನನ್ನ ಪಾಲಿಗೆ ತಯಾರಿ ಅಂದರೆ ಮುಖ್ಯವಾಗಿ ಇದೇ. ಬ್ಯಾಗ್ ತುಂಬುವುದು ಕೊನೆಯ ಕೆಲಸ.

ಮೊದಲು ಹೊತ್ತಿನ ಲೆಕ್ಕ

ಹೊಸಬರು ಮೊದಲು ಕೇಳುವುದು "ಎಷ್ಟು ಕಿಲೋಮೀಟರ್?" ಅಂತ. ಬೆಟ್ಟದಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆ "ಎಷ್ಟು ಮೀಟರ್ ಏರಬೇಕು?" ಸಪಾಟು ನೆಲದಲ್ಲಿ 16 ಕಿ.ಮೀ. ನಡೆಯುವುದು ಅರ್ಧ ದಿನದ ಕೆಲಸ. ಅದೇ 16 ಕಿ.ಮೀ. ಒಳಗೆ 1,200 ಮೀಟರ್ ಏರಿ ಇಳಿಯಬೇಕಾದರೆ ಇಡೀ ದಿನ ಹಿಡಿಯುತ್ತದೆ.

ಶಿಖರದ ಎತ್ತರದಲ್ಲಿ ಹೊರಡುವ ಜಾಗದ ಎತ್ತರ ಕಳೆದರೆ ಏರಿಕೆ ಸಿಕ್ಕಿತು ಅಂದುಕೊಳ್ಳಬೇಡಿ. ನಡುವೆ ಒಂದು ಕಣಿವೆಗೆ 100 ಮೀಟರ್ ಇಳಿದು ಮತ್ತೆ ಹತ್ತಬೇಕಿದ್ದರೆ ಆ 100 ಮೀಟರನ್ನೂ ಸೇರಿಸಬೇಕು. ವಾಪಸು ಬರುವಾಗ, ಕಾಲು ಸೋತ ಹೊತ್ತಿನಲ್ಲಿ, ಅದೇ ದಿಣ್ಣೆಯನ್ನು ಇನ್ನೊಮ್ಮೆ ಹತ್ತಬೇಕು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಕಾಣುತ್ತದೆ, ಭೂಪಟದ ಕಾಂಟೂರ್ ರೇಖೆಗಳು ಮಾತ್ರ ಇದ್ದದ್ದನ್ನು ಇದ್ದಂತೆ ತೋರಿಸುತ್ತವೆ. ಒಂದೇ ಎತ್ತರದ ಜಾಗಗಳನ್ನು ಸೇರಿಸಿ ಎಳೆದ ಗೆರೆಗಳು ಅವು. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ನಿಧಾನದ ಏರು. ನಿಮ್ಮ ದಾರಿ ಎಲ್ಲೆಲ್ಲಿ ಒತ್ತು ಗೆರೆಗಳನ್ನು ದಾಟುತ್ತದೆ ಎಂದು ಬೆರಳಿಟ್ಟು ನೋಡಿ. ದಿನದ ಅರ್ಧ ಕಥೆ ಅಲ್ಲೇ ಇರುತ್ತದೆ.

ಹೊತ್ತು ಲೆಕ್ಕ ಹಾಕಲು ಒಂದು ಹಳೆಯ ಸೂತ್ರವಿದೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಹೇಳಿದ್ದು. ಸುಮಾರು 5 ಕಿ.ಮೀ. ದೂರಕ್ಕೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ನಮ್ಮ 16 ಕಿ.ಮೀ., 1,200 ಮೀಟರ್ ಉದಾಹರಣೆಗೆ ಇದು 5 ಗಂಟೆ 12 ನಿಮಿಷ ಕೊಡುತ್ತದೆ. ಇದು ಗಟ್ಟಿಮುಟ್ಟಾದ ನಡಿಗೆಯವರ ಲೆಕ್ಕ. ವಿಶ್ರಾಂತಿ ಇಲ್ಲ, ಇಳಿಯುವ ಕಷ್ಟಕ್ಕೆ ಬೆಲೆ ಇಲ್ಲ, ತೆಳು ಗಾಳಿಯ ಮಾತಂತೂ ಇಲ್ಲವೇ ಇಲ್ಲ.

ಆಲ್ಪ್ಸ್ ಪರ್ವತಗಳ ಕಡೆ ದಾರಿಫಲಕ ಬರೆಯುವವರು ಬಳಸುವ ಇನ್ನೊಂದು ಲೆಕ್ಕ ನನಗೆ ಜಾಸ್ತಿ ಹಿಡಿಸುತ್ತದೆ. ಗಂಟೆಗೆ 4 ಕಿ.ಮೀ. ನಡಿಗೆ, 300 ಮೀಟರ್ ಏರಿಕೆ, 500 ಮೀಟರ್ ಇಳಿಕೆ. ದೂರಕ್ಕೆ ಎಷ್ಟು ಹೊತ್ತು, ಎತ್ತರಕ್ಕೆ ಎಷ್ಟು ಹೊತ್ತು ಎಂದು ಬೇರೆ ಬೇರೆ ತೆಗೆಯಿರಿ. ದೊಡ್ಡದನ್ನು ಪೂರ್ತಿ ತೆಗೆದುಕೊಂಡು ಅದಕ್ಕೆ ಚಿಕ್ಕದರ ಅರ್ಧ ಸೇರಿಸಿ. ಹತ್ತುವಾಗ 8 ಕಿ.ಮೀ.ಗೆ 2 ಗಂಟೆ, 1,200 ಮೀಟರ್‌ಗೆ 4 ಗಂಟೆ. ಅಂದರೆ 4 ಮತ್ತು 1, ಒಟ್ಟು 5 ಗಂಟೆ. ಇಳಿಯುವಾಗ ದೂರಕ್ಕೆ 2 ಗಂಟೆ, ಎತ್ತರಕ್ಕೆ 2.4 ಗಂಟೆ, ಒಟ್ಟು ಸುಮಾರು ಮೂರೂವರೆ ಗಂಟೆ. ಎರಡೂ ಸೇರಿ ಎಂಟೂವರೆ ಗಂಟೆ. ಇದಕ್ಕೆ ವಿಶ್ರಾಂತಿ ಸೇರಿಸಿ: ಹತ್ತುವಾಗ ಒಂದು ಗಂಟೆ, ತುದಿಯಲ್ಲಿ ಅರ್ಧ ಗಂಟೆ, ಇಳಿಯುವಾಗ ಅರ್ಧ ಗಂಟೆ. ಹತ್ತೂವರೆ ಗಂಟೆಯ ದಿನ ಆಯಿತು.

ಈಗ ಮುಖ್ಯವಾದ ಕೆಲಸ. ಸೂರ್ಯ ಮುಳುಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ಸಂಜೆ 6:30ಕ್ಕೆ ಸೂರ್ಯಾಸ್ತ ಅಂದುಕೊಳ್ಳಿ. ಕಾಲು ಉಳುಕುವುದು, ದಾರಿ ತಪ್ಪುವುದು ಇಂಥದಕ್ಕೆಲ್ಲ ಎರಡು ಗಂಟೆ ಕೈಯಲ್ಲಿಟ್ಟುಕೊಂಡರೆ 4:30ಕ್ಕೆ ಕೆಳಗಿರಬೇಕು. ಇಳಿಯಲು ವಿಶ್ರಾಂತಿ ಸೇರಿ ನಾಲ್ಕು ಗಂಟೆ. ಅಂದರೆ 12:30ಕ್ಕೆ ತುದಿ ಬಿಡಲೇಬೇಕು. ಹತ್ತಲು ವಿಶ್ರಾಂತಿ ಸೇರಿ ಆರು ಗಂಟೆ, ತುದಿಯಲ್ಲಿ ಅರ್ಧ ಗಂಟೆ, ಹಾಗಾಗಿ ಬೆಳಿಗ್ಗೆ ಆರಕ್ಕೆ ಮೊದಲ ಹೆಜ್ಜೆ ಇಡಬೇಕು. ಆರಕ್ಕೆ ಎದ್ದು ಹೊರಡುವ ತಯಾರಿ ಮಾಡುವುದಲ್ಲ.

ಆ 12:30 ಇದೆಯಲ್ಲ, ಅದು ವಾಪಸು ತಿರುಗುವ ಹೊತ್ತು. ಆಗ ನೀವು ಎಲ್ಲೇ ಇರಿ, ತುದಿಗೆ ನೂರೇ ಮೀಟರ್ ಬಾಕಿ ಇರಲಿ, ತಿರುಗುವುದೇ. ಇದನ್ನು ಒಂದು ಚೀಟಿಯಲ್ಲಿ ಬರೆಯಿರಿ. ಗುಂಪಿನಲ್ಲಿ ಹೋಗುವುದಾದರೆ ಹಿಂದಿನ ದಿನವೇ ಎಲ್ಲರೆದುರು ಹೇಳಿ, ಎಲ್ಲರಿಂದ ಹೂಂ ಅನ್ನಿಸಿಕೊಳ್ಳಿ. ಮೊದಲೇ ಒಪ್ಪಿದ್ದರೆ ಮೇಲೆ ವಾದ ಬೆಳೆಯುವುದಿಲ್ಲ. ತಿರುಗೋಣ ಅಂದವರ ಮೇಲೆ ಅಂಜುಬುರುಕ ಅನ್ನುವ ಹೆಸರೂ ಬೀಳುವುದಿಲ್ಲ. ಈ ಇಡೀ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನೇ ಇಟ್ಟುಕೊಳ್ಳಿ ಅಂತ ಕೇಳುತ್ತೇನೆ.

ದೊಡ್ಡ ಶಿಖರಗಳಲ್ಲಿ ಇದೇ ಲೆಕ್ಕ ಎಲ್ಲಿಗೆ ಕರೆದೊಯ್ಯುತ್ತದೆ ನೋಡಿ. ಕ್ಯಾಲಿಫೋರ್ನಿಯಾದ ಮೌಂಟ್ ವಿಟ್ನಿ 4,421 ಮೀಟರ್ ಎತ್ತರ. ಹೋಗಿ ಬರಲು ಸುಮಾರು 35 ಕಿ.ಮೀ., ಏರಿಕೆ ಸುಮಾರು 1,900 ಮೀಟರ್. ಒಂದೇ ದಿನದಲ್ಲಿ ಹತ್ತಿಳಿಯುವವರು ಬಹಳ ಮಂದಿ. ಮೇಲಿನ ಸೂತ್ರಕ್ಕೆ ಹಾಕಿದರೆ ವಿಶ್ರಾಂತಿ ಬಿಟ್ಟೇ 15 ಗಂಟೆ ಹತ್ತಿರ ಬರುತ್ತದೆ. ಅಲ್ಲಿ ಜನ ನಡುರಾತ್ರಿ ದಾಟಿದ ಮೇಲೆ ಹೆಡ್‌ಲ್ಯಾಂಪ್ ಹಾಕಿಕೊಂಡು ಯಾಕೆ ಹೊರಡುತ್ತಾರೆ ಎಂದು ಇದರಿಂದಲೇ ಗೊತ್ತಾಗುತ್ತದೆ. ಅಲ್ಲಿ ಒಂದು ದಿನದ ಚಾರಣಕ್ಕೂ ಪರ್ಮಿಟ್ ಬೇಕು. ನೀವು ಹೋಗುವ ಬೆಟ್ಟಕ್ಕೆ ಅನುಮತಿ ಬೇಕಾ, ಯಾವ ತಿಂಗಳಲ್ಲಿ ದಾರಿ ಮುಚ್ಚಿರುತ್ತದೆ ಎಂಬುದನ್ನು ಎಲ್ಲಕ್ಕಿಂತ ಮೊದಲೇ ವಿಚಾರಿಸಿಕೊಳ್ಳಿ.

ಗಾಳಿ ತೆಳುವಾದಾಗ

"ಮೇಲೆ ಆಮ್ಲಜನಕ ಕಡಿಮೆ" ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿ ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಇಲ್ಲಿಯಷ್ಟೇ, ಸುಮಾರು ಶೇ. 21. ಕಡಿಮೆ ಆಗುವುದು ಗಾಳಿಯ ಒತ್ತಡ. ಸಮುದ್ರಮಟ್ಟದ ಒತ್ತಡವನ್ನು 100 ಅಂದುಕೊಂಡರೆ 3,000 ಮೀಟರ್‌ನಲ್ಲಿ ಅದು ಸುಮಾರು 70. 4,000 ಮೀಟರ್‌ನಲ್ಲಿ 61ರ ಆಸುಪಾಸು. 5,500 ಮೀಟರ್‌ನಲ್ಲಿ ಅರ್ಧ. ಅಂದರೆ ಒಂದು ಉಸಿರಿಗೆ ಒಳಗೆ ಬರುವ ಆಮ್ಲಜನಕವೇ ಕಡಿಮೆ. ದೇಹ ಅದನ್ನು ಸರಿದೂಗಿಸಲು ಜಾಸ್ತಿ ಉಸಿರಾಡುತ್ತದೆ, ಎದೆಬಡಿತ ಏರುತ್ತದೆ. ಮನೆ ಹತ್ತಿರ ಸಲೀಸಾಗಿ ಓಡುವವರೂ ಇಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಏದುಸಿರು ಒಂದು ವಿಷಯ, ಎತ್ತರದ ಕಾಯಿಲೆ ಬೇರೆಯೇ ವಿಷಯ. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಇದು ಕಾಣಿಸಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು, ಊಟ ಬೇಡ ಅನ್ನಿಸುವುದು, ವಿಪರೀತ ಸುಸ್ತು. ಎತ್ತರ ತಲುಪಿದ ಕೂಡಲೇ ಬರಬೇಕೆಂದಿಲ್ಲ, ಹೆಚ್ಚಾಗಿ 6ರಿಂದ 12 ಗಂಟೆ ಕಳೆದ ಮೇಲೆ ಶುರುವಾಗುತ್ತದೆ. ಒಂದು ದಿನದ ಚಾರಣಕ್ಕೆ ಇದು ಒಂದು ರೀತಿಯಲ್ಲಿ ಅನುಕೂಲ. ಎಷ್ಟೋ ಸಲ ಕಾಯಿಲೆ ತಲೆ ಎತ್ತುವ ಮೊದಲೇ ನೀವು ಕೆಳಗೆ ಬಂದಿರುತ್ತೀರಿ. ಆದರೆ ಇದನ್ನೇ ನಂಬಿಕೊಂಡು ಹೋಗುವಂತಿಲ್ಲ. ಕೆಲವರಿಗೆ ಬೇಗ ಬರುತ್ತದೆ. ದೇಹದ ಕಸುವಿಗೂ ಇದಕ್ಕೂ ಸಂಬಂಧವಿಲ್ಲ. ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಗನೇ ಮೊದಲು ಬೀಳಬಹುದು, ಯಾಕೆಂದರೆ ಅವನೇ ಎಲ್ಲರಿಗಿಂತ ಬೇಗ ಏರಿರುತ್ತಾನೆ.

ಜಪಾನಿನ ಫುಜಿ ಪರ್ವತದ ಉದಾಹರಣೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ತುದಿ 3,776 ಮೀಟರ್. ಹೆಚ್ಚಿನವರು ಹತ್ತುವ ಯೊಶಿದಾ ದಾರಿ ಸುಮಾರು 2,300 ಮೀಟರ್‌ನಲ್ಲಿ ಶುರುವಾಗುತ್ತದೆ, ಅಲ್ಲಿಯವರೆಗೆ ಬಸ್ಸೇ ಹೋಗುತ್ತದೆ. ಸಂಜೆ ಬಸ್ಸಿಳಿದು, ನಿದ್ದೆಯಿಲ್ಲದೆ ರಾತ್ರಿಯಿಡೀ ಹತ್ತಿ, ಬೆಳಿಗ್ಗೆ ಸೂರ್ಯೋದಯ ನೋಡಿ ಇಳಿಯುವವರು ಬಹಳ ಇದ್ದರು. ಅಲ್ಲಿ ಇದಕ್ಕೆ ಗುಂಡಿನ ವೇಗದ ಹತ್ತುವಿಕೆ ಅನ್ನುವ ಹೆಸರೇ ಇದೆ. ದೇಹಕ್ಕೆ ಎತ್ತರ ರೂಢಿಯಾಗಲು ಹೊತ್ತೂ ಇಲ್ಲ, ನಿದ್ದೆಯೂ ಇಲ್ಲ, ಮೇಲೆ ಚಳಿ. ಇದನ್ನು ತಡೆಯಲೆಂದೇ 2024ರಲ್ಲಿ ಆ ದಾರಿಗೆ ಗೇಟ್ ಹಾಕಿದರು. ಮೇಲಿನ ಗುಡಿಸಲಲ್ಲಿ ಮಲಗಲು ಜಾಗ ಕಾಯ್ದಿರಿಸದವರನ್ನು ರಾತ್ರಿ ಹೊತ್ತು ಒಳಗೆ ಬಿಡುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಸಾಧ್ಯವಿದ್ದರೆ ಹತ್ತುವ ಹಿಂದಿನ ಒಂದೆರಡು ರಾತ್ರಿ 2,000ದಿಂದ 2,500 ಮೀಟರ್ ಎತ್ತರದ ಜಾಗದಲ್ಲಿ ಮಲಗಿ. ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಆ ರಾತ್ರಿಗಳಲ್ಲಿ ಮದ್ಯ ಬೇಡ, ನಿದ್ದೆ ಮಾತ್ರೆಯೂ ಬೇಡ. ಅಸೆಟಜೋಲಮೈಡ್ ಎಂಬ ಮಾತ್ರೆಯನ್ನು ಮುನ್ನೆಚ್ಚರಿಕೆಯಾಗಿ ಕೊಡುವುದುಂಟು. ಅದು ಎಲ್ಲರಿಗೂ ಆಗುವುದಿಲ್ಲ. ಡಾಕ್ಟರನ್ನು ಕೇಳದೆ, ಗೆಳೆಯರ ಮಾತು ಕೇಳಿ ತೆಗೆದುಕೊಳ್ಳಬೇಡಿ. ಹೃದಯದ, ಶ್ವಾಸಕೋಶದ ತೊಂದರೆ ಇರುವವರು, ಗರ್ಭಿಣಿಯರು ಪ್ರವಾಸ ಗೊತ್ತು ಮಾಡುವ ಮೊದಲೇ ಡಾಕ್ಟರ ಹತ್ತಿರ ಮಾತಾಡಬೇಕು.

ಮೇಲೆ ತಲೆನೋವು ಶುರುವಾದರೆ ಅಲ್ಲಿಂದ ಮೇಲಕ್ಕೆ ಏರಬೇಡಿ. ಕೂತು, ನೀರು ಕುಡಿದು, ಏನಾದರೂ ತಿಂದು ನೋಡಿ. ಕಡಿಮೆ ಆಗದಿದ್ದರೆ, ಅಥವಾ ಜೊತೆಗೆ ವಾಂತಿಯೂ ಬಂದರೆ, ಇಳಿಯುವುದೇ ದಾರಿ. ಎರಡು ಲಕ್ಷಣಗಳನ್ನಂತೂ ಯಾರೂ ಕಡೆಗಣಿಸಬಾರದು. ಒಂದು, ನಡಿಗೆಯಲ್ಲಿ ಹಿಡಿತ ತಪ್ಪುವುದು. ಅನುಮಾನ ಬಂದರೆ ನೆಲದ ಮೇಲೆ ಒಂದು ಗೆರೆ ಎಳೆದು, ಒಂದು ಕಾಲಿನ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನಡೆಯಲು ಹೇಳಿ. ತೂರಾಡಿದರೆ ಮಿದುಳಿನಲ್ಲಿ ಊತ ಶುರುವಾಗಿರಬಹುದು. ಇನ್ನೊಂದು, ಸುಮ್ನೆ ಕೂತಿದ್ದಾಗಲೂ ಉಸಿರು ಸಿಗದಿರುವುದು. ಅದು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಗುರುತು ಆಗಿರಬಹುದು. ಎರಡೂ ಪ್ರಾಣಕ್ಕೆ ಅಪಾಯ. ಆಗ ಆ ಕ್ಷಣವೇ ಕೆಳಗೆ ಹೊರಡಬೇಕು, ಅವರೊಬ್ಬರನ್ನೇ ಕಳಿಸಕೂಡದು. 300 ಮೀಟರ್ ಇಳಿಯುವಷ್ಟರಲ್ಲೇ ಕೆಲವರಿಗೆ ಗೊತ್ತಾಗುವಷ್ಟು ಹಗುರಾಗುತ್ತದೆ, ಕೆಲವರಿಗೆ 1,000 ಮೀಟರ್ ಬೇಕಾಗಬಹುದು.

ಕಾಲಿಗೆ ಇಳಿಯುವುದನ್ನು ಕಲಿಸಿ

ಎಲ್ಲರೂ ಹತ್ತುವುದಕ್ಕೆ ತಯಾರಿ ಮಾಡುತ್ತಾರೆ. ಇಳಿಯುವುದಕ್ಕೆ ಯಾರೂ ಮಾಡುವುದಿಲ್ಲ. ಬೆಟ್ಟದಲ್ಲಿ ಜನ ಬೀಳುವುದು ಹೆಚ್ಚಾಗಿ ಇಳಿಯುವಾಗಲೇ.

ಯಾಕೆ ಅಂತ ನೋಡೋಣ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ದೇಹವನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಬ್ರೇಕ್ ಆಗುತ್ತದೆ. ದೇಹದ ಭಾರ ಅದನ್ನು ಹಿಗ್ಗಿಸುತ್ತಿರುತ್ತದೆ, ಅದು ಬಿಗಿಹಿಡಿದು ತಡೆಯುತ್ತಿರುತ್ತದೆ. ಹಿಗ್ಗುತ್ತಲೇ ದುಡಿಯುವಾಗ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಹಾನಿ ಆಗುತ್ತದೆ. ಇಳಿಯುವಾಗ ಏದುಸಿರು ಬರುವುದಿಲ್ಲ, ಹಾಗಾಗಿ ಸುಲಭ ಅನ್ನಿಸುತ್ತದೆ. ಒಂದೆರಡು ಗಂಟೆ ಕಳೆದ ಮೇಲೆ ತೊಡೆ ನಡುಗಲು ಶುರುವಾಗುತ್ತದೆ. ಆಗ ಕಾಲು ಇಟ್ಟಲ್ಲಿ ನಿಲ್ಲುವುದಿಲ್ಲ. ನೋವು ಮಾತ್ರ ಮರುದಿನ, ಅದರ ಮರುದಿನ ಬರುತ್ತದೆ. ಮೆಟ್ಟಿಲು ಇಳಿಯಲು ಗೋಡೆ ಹಿಡಿದುಕೊಳ್ಳಬೇಕಾದ ಆ ನೋವು ನಿಮಗೂ ಗೊತ್ತಿರಬಹುದು.

ಇಲ್ಲೊಂದು ಒಳ್ಳೆಯ ಸುದ್ದಿ ಇದೆ. ಸ್ನಾಯು ಈ ಪಾಠವನ್ನು ಬೇಗ ಕಲಿಯುತ್ತದೆ. ಒಮ್ಮೆ ಇಳಿಜಾರಿನ ಕೆಲಸ ಮಾಡಿ ನೋವಾಗಿ ವಾಸಿಯಾದರೆ, ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಹಾಗಾಗಿ ತರಬೇತಿಯಲ್ಲಿ ಇಳಿಯುವುದನ್ನು ಬೇಕೆಂದೇ ಸೇರಿಸಿ. ಮೆಟ್ಟಿಲು ಹತ್ತಿ ಲಿಫ್ಟಿನಲ್ಲಿ ಇಳಿಯುವುದು ಅರ್ಧ ಅಭ್ಯಾಸ. ನಡೆದೇ ಇಳಿಯಿರಿ, ನಿಧಾನವಾಗಿ, ಮಂಡಿ ಸ್ವಲ್ಪ ಮಡಿಸಿ, ಧೊಪ್ಪೆಂದು ಕಾಲು ಹಾಕದೆ.

ಒಂದು ಮಹಡಿ ಅಂದರೆ ಸುಮಾರು 3 ಮೀಟರ್. 1,200 ಮೀಟರ್ ಏರಿಕೆ ಅಂದರೆ 400 ಮಹಡಿ. ಈ ಸಂಖ್ಯೆ ನೋಡಿ ಗಾಬರಿ ಆಗಬೇಡಿ. ಒಂದೇ ದಿನ ಇಷ್ಟು ಅಭ್ಯಾಸ ಮಾಡಬೇಕಾಗಿಲ್ಲ. ಎಂಟರಿಂದ ಹನ್ನೆರಡು ವಾರ ಸಿಕ್ಕರೆ ಸಾಕು. ವಾರಕ್ಕೆ ಎರಡು ಮೂರು ದಿನ ಮುಕ್ಕಾಲು ಗಂಟೆ ಬಿರುಸು ನಡಿಗೆ ಅಥವಾ ಮೆಟ್ಟಿಲು, ವಾರಕ್ಕೊಂದು ದಿನ ಉದ್ದದ ನಡಿಗೆ. ಆ ಉದ್ದದ ನಡಿಗೆಯನ್ನು ವಾರ ವಾರ ಸ್ವಲ್ಪ ಸ್ವಲ್ಪ ಬೆಳೆಸಿ, ಕೊನೆಗೆ ಐದಾರು ಗಂಟೆಗೆ ತಂದು ನಿಲ್ಲಿಸಿ. ನಿಜವಾದ ದಿನ ಹೊರುವ ಬ್ಯಾಗನ್ನೇ, ಅಷ್ಟೇ ತೂಕ ತುಂಬಿ, ಹೊತ್ತು ಅಭ್ಯಾಸ ಮಾಡಿ. ಹತ್ತಿರದಲ್ಲಿ ಗುಡ್ಡ ಇದ್ದರೆ ಮೆಟ್ಟಿಲಿಗಿಂತ ಅದೇ ಮೇಲು, ಯಾಕೆಂದರೆ ಉಬ್ಬುತಗ್ಗಿನ ನೆಲದಲ್ಲಿ ಕಣಕಾಲೂ ಗಟ್ಟಿಯಾಗುತ್ತದೆ. ಕೊನೆಯ ವಾರ ಮಾತ್ರ ಕಡಿಮೆ ಮಾಡಿ. ಸೋತ ಕಾಲು ಹೊತ್ತು ಬೆಟ್ಟಕ್ಕೆ ಹೋಗಬಾರದು.

ಚಾರಣದ ಕೋಲುಗಳ ಬಗ್ಗೆ ಕೆಲವರಿಗೆ ತಾತ್ಸಾರವಿದೆ. ಇಳಿಯುವಾಗ ಅವು ಮಂಡಿಯ ಭಾರದಲ್ಲಿ ಒಂದು ಪಾಲು ತೋಳಿಗೆ ಹಂಚುತ್ತವೆ. ಇಳಿಜಾರಿನಲ್ಲಿ ಕೋಲನ್ನು ಸ್ವಲ್ಪ ಉದ್ದ ಮಾಡಿ, ಏರಿನಲ್ಲಿ ಸ್ವಲ್ಪ ಗಿಡ್ಡ ಮಾಡಿ. ನಾನಂತೂ ಕೋಲಿಲ್ಲದೆ ಉದ್ದದ ಇಳಿಜಾರಿಗೆ ಹೋಗುವುದಿಲ್ಲ.

ಶೂ ವಿಷಯದಲ್ಲಿ ಒಂದೇ ಕಟ್ಟಳೆ: ಹೊಸ ಶೂ ಹಾಕಿಕೊಂಡು ಶಿಖರಕ್ಕೆ ಹೋಗಬೇಡಿ. ಅಭ್ಯಾಸದ ನಡಿಗೆಗಳಲ್ಲೇ ಅದು ಕಾಲಿಗೆ ಹೊಂದಿರಬೇಕು. ಕೊಳ್ಳುವಾಗ ಸಂಜೆ ಹೊತ್ತು, ದಪ್ಪ ಕಾಲುಚೀಲ ಹಾಕಿಕೊಂಡು ನೋಡಿ, ನಡೆದ ಮೇಲೆ ಪಾದ ಊದುತ್ತದೆ. ಹೆಬ್ಬೆರಳ ಮುಂದೆ ಒಂದು ಬೆರಳಿನ ಅಗಲ ಜಾಗ ಇರಲಿ, ಇಲ್ಲವಾದರೆ ಇಳಿಯುವಾಗ ಉಗುರು ಶೂಗೆ ಬಡಿದು ಕಪ್ಪಾಗುತ್ತದೆ. ಹೊರಡುವ ಎರಡು ದಿನ ಮೊದಲು ಉಗುರು ಕತ್ತರಿಸಿ. ದಾರಿಯಲ್ಲಿ ಎಲ್ಲಾದರೂ ಉರಿ ಅನ್ನಿಸಿದರೆ ಆಗಲೇ ನಿಂತು ಆ ಜಾಗಕ್ಕೆ ಟೇಪ್ ಹಾಕಿ. ಗುಳ್ಳೆ ಎದ್ದ ಮೇಲೆ ಹಾಕಿದರೆ ಅಷ್ಟು ಪ್ರಯೋಜನವಿಲ್ಲ.

ಮೇಲಿನ ಹವಾಮಾನ ಬೇರೆ

ಬುಡದಲ್ಲಿರುವ ಊರಿನ ಹವಾಮಾನ ನೋಡಿಕೊಂಡು ಹೊರಡುವುದು ಬಹಳ ಜನ ಮಾಡುವ ತಪ್ಪು. ಪ್ರತಿ 1,000 ಮೀಟರ್‌ಗೆ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಕೆಳಗೆ 20 ಡಿಗ್ರಿ ಇದ್ದು ನೀವು 1,500 ಮೀಟರ್ ಏರಿದರೆ ತುದಿಯಲ್ಲಿ ಹತ್ತು ಡಿಗ್ರಿ ಆಸುಪಾಸು. ಅದರ ಮೇಲೆ ಗಾಳಿ. ಉಷ್ಣತೆ ಸೊನ್ನೆ ಡಿಗ್ರಿ ಇದ್ದು ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 7ರಂತೆ ತಾಗುತ್ತದೆ. ಫುಜಿಯ ತುದಿಯಲ್ಲಿ ಆಗಸ್ಟ್ ತಿಂಗಳ ಸರಾಸರಿ ಉಷ್ಣತೆ ಕೂಡ 6 ಡಿಗ್ರಿಯ ಹತ್ತಿರ. ಅಲ್ಲಿಗದು ಕಡು ಬೇಸಿಗೆ! ಹಾಗಾಗಿ ಶಿಖರದ ಎತ್ತರಕ್ಕೇ ಕೊಟ್ಟಿರುವ ಮುನ್ಸೂಚನೆ ಹುಡುಕಿ. ಅದರಲ್ಲಿ ಗಾಳಿಯ ವೇಗ ಮತ್ತು ಮಳೆ ಬರುವ ಹೊತ್ತು, ಈ ಎರಡನ್ನು ಮೊದಲು ನೋಡಿ. ಹಿಂದಿನ ಸಂಜೆ ಒಮ್ಮೆ, ಹೊರಡುವ ಮೊದಲು ಇನ್ನೊಮ್ಮೆ.

ಸಿಡಿಲು ಯಾಕೆ ಮಧ್ಯಾಹ್ನವೇ ಜಾಸ್ತಿ? ಬೆಳಗಿನಿಂದ ಬಿಸಿಲು ಬೆಟ್ಟದ ಮೈಯನ್ನು ಕಾಯಿಸುತ್ತದೆ. ಕಾದ ಗಾಳಿ ಇಳಿಜಾರಿಗುಂಟ ಮೇಲೇರಿ, ತಣಿದು, ಮೋಡವಾಗುತ್ತದೆ. ಬೆಳಿಗ್ಗೆ ಹತ್ತಿಯುಂಡೆಯಂತಿದ್ದ ಮೋಡಗಳು ಅಗಲಕ್ಕಿಂತ ಎತ್ತರ ಜಾಸ್ತಿ ಬೆಳೆಯುತ್ತಾ, ಬುಡ ಕಪ್ಪಾಗುತ್ತಾ ಹೋದರೆ ಅದು ಎಚ್ಚರಿಕೆ. ಕೊಲರಾಡೊದ ರಾಕಿ ಪರ್ವತಗಳಲ್ಲಿ ಬೇಸಿಗೆ ಚಾರಣಿಗರು ಮಧ್ಯಾಹ್ನ ಹನ್ನೆರಡರೊಳಗೆ ತುದಿಯಿಂದ ಇಳಿಯುತ್ತಿರಬೇಕು ಎಂದು ಹೇಳುವುದು ಇದಕ್ಕೇ. ನೀವು ಹೋಗುವ ಕಡೆಯೂ ಹೀಗೇ ಇದ್ದರೆ ನಮ್ಮ 12:30 ಸಾಲದು. ಎರಡು ಗಂಟೆ ಮೊದಲು, ನಾಲ್ಕಕ್ಕೇ ಹೊರಡಬೇಕಾಗುತ್ತದೆ.

ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಎಷ್ಟು ಕಿ.ಮೀ. ದೂರ ಎಂದು ಗೊತ್ತಾಗುತ್ತದೆ. 30 ಸೆಕೆಂಡಿಗಿಂತ ಕಡಿಮೆ ಇದ್ದರೆ ನೀವು ಅಪಾಯದ ಒಳಗಿದ್ದೀರಿ. ತುದಿ, ಬೆಟ್ಟದ ಏಣು, ಒಂಟಿ ಮರ ಬಿಟ್ಟು ತಗ್ಗಿಗೆ ಇಳಿಯಿರಿ. ಗುಂಪಿನವರು ದೂರ ದೂರ ಹರಡಿಕೊಳ್ಳಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ಬಿಸಿಲನ್ನೂ ಮರೆಯಬೇಡಿ. ಪ್ರತಿ 1,000 ಮೀಟರ್‌ಗೆ ಅತಿನೇರಳೆ ಕಿರಣ ಸುಮಾರು ಶೇ. 10ರಷ್ಟು ಜಾಸ್ತಿ ಆಗುತ್ತದೆ. ಹೊಸ ಹಿಮ ಅದರಲ್ಲಿ ಶೇ. 80ರವರೆಗೂ ವಾಪಸು ಚಿಮ್ಮಿಸುತ್ತದೆ, ಅಂದರೆ ಕೆಳಗಿನಿಂದಲೂ ಸುಡುತ್ತದೆ. ತಂಗಾಳಿಯಲ್ಲಿ ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಟೋಪಿ, ಕಣ್ಣನ್ನು ಪೂರ್ತಿ ಮುಚ್ಚುವ ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಬೇಕೇ ಬೇಕು.

ಮೈಮೇಲೆ ಏನು, ಬೆನ್ನ ಮೇಲೆ ಏನು

ಹತ್ತುವಾಗ ಬೆವರು ಹರಿಯುತ್ತದೆ, ತುದಿಯಲ್ಲಿ ನಿಂತ ಐದೇ ನಿಮಿಷಕ್ಕೆ ನಡುಕ ಬರುತ್ತದೆ. ಎರಡಕ್ಕೂ ಒಂದೇ ಬಟ್ಟೆ ಸಾಲುವುದಿಲ್ಲ. ಹಾಗಾಗಿ ಪದರಗಳು. ಮೈಗೆ ತಾಗುವ ಬಟ್ಟೆ ಬೆವರನ್ನು ಹೊರಗೆ ಸಾಗಿಸುವಂತಿರಲಿ, ಸಿಂಥೆಟಿಕ್ ಅಥವಾ ತೆಳು ಉಣ್ಣೆ. ಅದರ ಮೇಲೆ ಬೆಚ್ಚನೆಯದು, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್. ಹತ್ತಿ ಬಟ್ಟೆ ಮಾತ್ರ ಬೇಡ. ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ದೇಹದ ಬಿಸಿಯನ್ನು ಎಳೆದುಕೊಳ್ಳುತ್ತದೆ. ಅಪಾಯಕ್ಕೆ ಹಿಮ ಬೀಳಲೇಬೇಕು ಅಂತಿಲ್ಲ. ಒದ್ದೆ ಬಟ್ಟೆ, ಗಾಳಿ, ದಣಿವು ಸೇರಿದರೆ 10 ಡಿಗ್ರಿಯಲ್ಲೇ ದೇಹದ ಉಷ್ಣತೆ 35ಕ್ಕಿಂತ ಕೆಳಗಿಳಿಯಬಹುದು. ಜೊತೆಗಾರರು ಎಡವುತ್ತಿದ್ದಾರಾ, ಮಾತು ತೊದಲುತ್ತಿದೆಯಾ, ಕೈಯಿಂದ ವಸ್ತು ಜಾರುತ್ತಿದೆಯಾ, ಕಾರಣವಿಲ್ಲದೆ ಸಿಡುಕುತ್ತಿದ್ದಾರಾ ನೋಡುತ್ತಿರಿ. ಇದು ಬರೀ ಸುಸ್ತಲ್ಲ, ಚಳಿ ಒಳಗೆ ಇಳಿಯುತ್ತಿರುವ ಗುರುತು. ಒದ್ದೆ ಬಟ್ಟೆ ತೆಗೆಸಿ, ಒಣಗಿದ್ದು ಹಾಕಿಸಿ, ಸಿಹಿ ತಿನ್ನಿಸಿ, ಗಾಳಿಯಿಂದ ಮರೆ ಮಾಡಿ.

ನಡೆಯಲು ಶುರು ಮಾಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಬಟ್ಟೆ ಹಾಕಿ. ಹತ್ತು ನಿಮಿಷದಲ್ಲಿ ಮೈ ಕಾಯುತ್ತದೆ. ನಿಂತ ಕೂಡಲೇ, ಚಳಿ ಅನ್ನಿಸುವ ಮೊದಲೇ, ಜಾಕೆಟ್ ಹಾಕಿಕೊಳ್ಳಿ.

ಬ್ಯಾಗಿಗೆ ಏನೇನು ಹಾಕಬೇಕು ಅನ್ನುವುದಕ್ಕೆ ಸಿಯಾಟಲ್‌ನ ಪರ್ವತಾರೋಹಿಗಳ ಸಂಘ ದಿ ಮೌಂಟನಿಯರ್ಸ್ 1930ರ ದಶಕದಲ್ಲೇ ಹತ್ತು ಅಗತ್ಯ ವಸ್ತುಗಳ ಪಟ್ಟಿ ಮಾಡಿತು. ದಾರಿ ಹುಡುಕುವ ಸಾಧನ, ದೀಪ, ಬಿಸಿಲಿನ ರಕ್ಷಣೆ, ಪ್ರಥಮ ಚಿಕಿತ್ಸೆ, ಚಾಕು, ಬೆಂಕಿ, ತಂಗಲು ಏನಾದರೂ, ಹೆಚ್ಚುವರಿ ಊಟ, ನೀರು, ಬಟ್ಟೆ. ಇವತ್ತು ಅದು ಈ ರೂಪದಲ್ಲಿ ಚಾಲ್ತಿಯಲ್ಲಿದೆ. ಇವುಗಳಲ್ಲಿ "ಒಂದೇ ದಿನ ತಾನೇ" ಅಂತ ಜನ ಬಿಟ್ಟು ಹೋಗುವುದು ಎರಡು: ದೀಪ ಮತ್ತು ತಂಗುವ ವಸ್ತು. ಹೆಡ್‌ಲ್ಯಾಂಪ್ ಮಧ್ಯಾಹ್ನ ಮುಗಿಯುವ ಚಾರಣಕ್ಕೂ ಬೇಕು. ಫೋನಿನ ಬೆಳಕು ಕೈ ಹಿಡಿದಿಡುತ್ತದೆ, ಬ್ಯಾಟರಿಯನ್ನೂ ತಿನ್ನುತ್ತದೆ. ತಂಗಲು ಟೆಂಟೇ ಬೇಕಿಲ್ಲ, ಬೆಳ್ಳಿ ಬಣ್ಣದ ತುರ್ತು ಹೊದಿಕೆ ಸಾಕು. ಮುಷ್ಟಿಯಷ್ಟು ಜಾಗ ಹಿಡಿಯುತ್ತದೆ. ಕಾಲು ಮುರಿದು ಕೂತವರಿಗೆ ಅದರ ಬೆಲೆ ಗೊತ್ತು.

ಫೋನಿನಲ್ಲಿ ಭೂಪಟವನ್ನು ಮೊದಲೇ ಇಳಿಸಿಕೊಂಡಿರಿ, ನೆಟ್‌ವರ್ಕ್ ನಂಬಬೇಡಿ. ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತದೆ. ಏರ್‌ಪ್ಲೇನ್ ಮೋಡ್‌ನಲ್ಲಿಟ್ಟು ಒಳಜೇಬಿನಲ್ಲಿ, ಮೈ ಬಿಸಿ ತಾಗುವ ಹಾಗೆ ಇಡಿ. ಕಾಗದದ ನಕ್ಷೆಯೂ ಒಂದಿರಲಿ. ಒಂದು ಸೀಟಿ ಮರೆಯಬೇಡಿ. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ ಊದುವುದು ಆಲ್ಪ್ಸ್ ಕಡೆಯ ಸಹಾಯದ ಕರೆ. ಉತ್ತರ ಅಮೆರಿಕದಲ್ಲಿ ಮೂರು ಸಲ. ಎಲ್ಲಿ ಹೋಗುತ್ತೀರೋ ಅಲ್ಲಿಯದನ್ನು, ಅಲ್ಲಿಯ ತುರ್ತು ಫೋನ್ ಸಂಖ್ಯೆಯನ್ನು ತಿಳಿದುಕೊಂಡಿರಿ.

ನೀರಿಗೆ ಒಂದು ಅಂದಾಜು: ಗಂಟೆಗೆ ಅರ್ಧ ಲೀಟರ್. ಬಿಸಿಲು ಹೆಚ್ಚಿದ್ದರೆ ಇನ್ನೂ ಬೇಕು. ಹತ್ತು ಗಂಟೆಗೆ ಐದು ಲೀಟರ್, ಅಂದರೆ ಐದು ಕಿಲೋ. ಅಷ್ಟೂ ಹೊರುವುದು ಕಷ್ಟ. ದಾರಿಯಲ್ಲಿ ಹಳ್ಳ, ಒರತೆ ಎಲ್ಲಿದೆ, ಆ ತಿಂಗಳಲ್ಲಿ ಅದರಲ್ಲಿ ನೀರು ಇರುತ್ತದಾ ಎಂದು ಮೊದಲೇ ವಿಚಾರಿಸಿ, ಫಿಲ್ಟರ್ ಒಯ್ಯಿರಿ. ನೀರು ತಿಳಿಯಾಗಿದೆ ಎಂದು ಹಾಗೇ ಕುಡಿಯಬೇಡಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುವುದೂ ತಪ್ಪು, ರಕ್ತದ ಉಪ್ಪಿನಂಶ ಇಳಿಯುತ್ತದೆ. ಜೊತೆಗೆ ಉಪ್ಪಿರುವ ತಿಂಡಿ ಇರಲಿ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎತ್ತರದಲ್ಲಿ ಹಸಿವೆ ಸಾಯುತ್ತದೆ, ಹಾಗಾಗಿ ನಿಮಗೆ ಇಷ್ಟವಾದದ್ದನ್ನೇ ಒಯ್ಯಿರಿ. ಒಂದೇ ಸಲ ಹೊಟ್ಟೆ ತುಂಬ ತಿನ್ನುವ ಬದಲು ಗಂಟೆಗೊಮ್ಮೆ ಒಂದು ಹಿಡಿ ತಿನ್ನಿ. ಹಸಿವೆಗೆ ಕಾಯಬೇಡಿ.

ಆ ದಿನ

ಮೊದಲ ಗಂಟೆ ಬೇಕೆಂದೇ ನಿಧಾನ ನಡೆಯಿರಿ. ಜೊತೆಯವರ ಹತ್ತಿರ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ. ಎರಡು ಪದಕ್ಕೆ ಉಸಿರು ಕಟ್ಟಿದರೆ ಜಾಸ್ತಿಯಾಯಿತು. ಕಡಿದಾದ ಏರಿನಲ್ಲಿ ಹಿಂದಿನ ಕಾಲಿನ ಮಂಡಿಯನ್ನು ಪ್ರತಿ ಹೆಜ್ಜೆಗೂ ಒಂದು ಕ್ಷಣ ನೇರ ಮಾಡಿ ನಿಲ್ಲಿ. ಆ ಕ್ಷಣ ಭಾರವನ್ನು ಮೂಳೆ ಹೊರುತ್ತದೆ, ತೊಡೆಗೆ ಬಿಡುವು ಸಿಗುತ್ತದೆ. ಸಾವಿರಾರು ಹೆಜ್ಜೆಗೆ ಸಾವಿರಾರು ಸಣ್ಣ ಬಿಡುವು. ಗುಂಪಿನ ವೇಗ ಎಲ್ಲರಿಗಿಂತ ನಿಧಾನದವರ ವೇಗ, ಅವರನ್ನು ಹಿಂದೆ ಬಿಟ್ಟು ಹೋಗುವ ಮಾತಿಲ್ಲ. ಹತ್ತುವಾಗ ಆಗಾಗ ಹಿಂತಿರುಗಿ ನೋಡಿ. ವಾಪಸು ಬರುವಾಗ ದಾರಿ ಕಾಣುವುದು ಆ ಕಡೆಯಿಂದಲೇ. ಕವಲು ಇರುವಲ್ಲಿ ನಿಂತು ಗುರುತು ಹಿಡಿದುಕೊಳ್ಳಿ.

ಹೊರಡುವ ಮೊದಲು ಮನೆಯಲ್ಲಿರುವ ಯಾರಿಗಾದರೂ ಒಂದು ಚೀಟಿ ಕೊಟ್ಟಿರಬೇಕು. ಯಾವ ಬೆಟ್ಟ, ಯಾವ ದಾರಿ, ಯಾರ್‍ಯಾರು, ಗಾಡಿ ಎಲ್ಲಿ ನಿಲ್ಲಿಸಿರುತ್ತೀರಿ, ವಾಪಸು ತಿರುಗುವ ಹೊತ್ತು ಎಷ್ಟು, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು. ದಾರಿ ಬದಲಿಸುವ ಆಸೆಯಾದರೆ ಅವರಿಗೆ ತಿಳಿಸಿಯೇ ಬದಲಿಸಿ, ಹುಡುಕುವವರು ಆ ಚೀಟಿ ಹಿಡಿದೇ ಬರುತ್ತಾರೆ. ಕೆಳಗೆ ಬಂದ ಮೇಲೆ, ಶೂ ಬಿಚ್ಚುವುದಕ್ಕೂ ಮೊದಲು, ಅವರಿಗೊಂದು ಫೋನ್ ಮಾಡಿ.